ಸಾಹಸಕ್ಕೊಂದು ಮುಚ್ಚಳ

ಕಾರಿನ ಡಿಕ್ಕಿಯ ಮುಚ್ಚಳ ಕಿತ್ತರೆ ಅದು ಸಾಹಸಿಗರ ವಾಹನ. ಕಿತ್ತಲ್ಲಿಗೆ ಮತ್ತೆ ಮುಚ್ಚಳ ಹಾಕಿಸಿಕೊಂಡರೆ ಅದು ಸಾಹಸಿಗರಿಗೆ ಹೆಚ್ಚುವರಿ ಸೌಲಭ್ಯ, ದುಡ್ಡು ಬೇರೆ. ಅಮೆರಿಕದ ಪುಟ್ಟ ಪಿಕಪ್‌ಗಳ ಈಚಿನ ಚರಿತ್ರೆ ಇಷ್ಟೇ.

2021ರಲ್ಲಿ ಫೋರ್ಡ್ ಮ್ಯಾವರಿಕ್ ಬಂತು, ಜೊತೆಗೇ ಹುಂಡೈ ಸಾಂತಾ ಕ್ರೂಜ್. ಮೊದಲನೆಯದರ ಹಿಂಬದಿಯ ತೆರೆದ ಬಾಡಿ ನಾಲ್ಕೂವರೆ ಅಡಿ, ಎರಡನೆಯದರದ್ದು ಇನ್ನೂ ಚೂರು ಗಿಡ್ಡ. ಆರಡಿ ಆಳು ಅದರಲ್ಲಿ ನಕ್ಷತ್ರ ನೋಡುತ್ತ ಮಲಗಿದರೆ ಮಂಡಿಯವರೆಗೆ ಮಾತ್ರ ಸಾಹಸಿ, ಉಳಿದ ಕಾಲು ಹಿಂಬಾಗಿಲ ಮೇಲೆ. ಹುಂಡೈ ಅಂತೂ ತನ್ನ ಗಾಡಿಯನ್ನು ಟ್ರಕ್ ಎನ್ನಲು ನಾಚಿ ‘ಸ್ಪೋರ್ಟ್ ಅಡ್ವೆಂಚರ್ ವೆಹಿಕಲ್’ ಎಂದಿತು. ಬಾಡಿಯ ಅಡಿಯಲ್ಲಿ ಬೀಗದ ಪೆಟ್ಟಿಗೆ, ಪೆಟ್ಟಿಗೆಯಿಂದ ನೀರು ಹೊರಹೋಗಲು ತೂತು. ಐಸ್ ತುಂಬಿ ಬಿಯರ್ ತಣ್ಣಗಿಡಬಹುದು. ಕಾಡಿನಲ್ಲಿ ಬದುಕುಳಿಯಲು ಏನು ಬೇಕೆಂದು ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತು.

ಫೋರ್ಡಿನವರು ಬಾಡಿಯಲ್ಲೇ ಕ್ಯೂಆರ್ ಕೋಡ್ ಹಾಕಿದರು. ಫೋನು ಹಿಡಿದರೆ ಮರದ ಪಟ್ಟಿ ಕೊಯ್ದು ಅಡ್ಡಪಟ್ಟಿ ಮಾಡುವುದು ಹೇಗೆಂಬ ಪಾಠ. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಈ ಪಾಠ ಹೇಗೆ ತೆರೆಯುತ್ತದೆಂದು ಕೇಳಬಾರದು, ಅಲ್ಲಿಗೆ ಯಾರೂ ಹೋಗುವುದಿಲ್ಲ. ಹೋಗುವವರಿಗೆ ಮ್ಯಾವರಿಕ್‌ನ ‘ಟ್ರೆಮರ್’ ಮಾದರಿ ಇದೆ: ಸುಮಾರು ಒಂದಿಂಚು ಹೆಚ್ಚಿನ ಎತ್ತರ, ಅಲ್ಲಲ್ಲಿ ಕಿತ್ತಳೆ ಬಣ್ಣ. ಕಿತ್ತಳೆ ದೂರದಿಂದ ಕಾಣುತ್ತದೆ, ಒಂದಿಂಚು ಕಾಣುವುದಿಲ್ಲ.

ಮ್ಯಾವರಿಕ್‌ನ ಅಡಿಪಾಯ ಬ್ರಾಂಕೊ ಸ್ಪೋರ್ಟ್‌ನದು, ಸಾಂತಾ ಕ್ರೂಜ್‌ನದು ಟೂಸಾನ್‌ನದು. ಎರಡೂ ಟ್ರಕ್ಕಿನ ವೇಷದ ಕಾರುಗಳೇ. ಒಂದು ಕಾಲಕ್ಕೆ ವೇಷ ಉಲ್ಟಾ ಇತ್ತು. ಯುರೋಪು ಅಮೆರಿಕದ ಕೋಳಿಗೆ ಸುಂಕ ಏರಿಸಿತೆಂಬ ಸಿಟ್ಟಿಗೆ ಅಧ್ಯಕ್ಷ ಜಾನ್ಸನ್ 1963ರ ಕೊನೆಯಲ್ಲಿ ವಿದೇಶಿ ಹಗುರ ಟ್ರಕ್ಕುಗಳ ಮೇಲೆ ಶೇ. 25 ತೆರಿಗೆ ಜಡಿದರು. ಈ ಕೋಳಿಜಗಳದಿಂದ ತಪ್ಪಿಸಿಕೊಳ್ಳಲು ಜಪಾನಿನ ಸುಬಾರು ಕಂಪನಿ ತನ್ನ ‘ಬ್ರ್ಯಾಟ್’ ಪಿಕಪ್‌ನ ತೆರೆದ ಬಾಡಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಜಡಿದು, ಹಿಂದಕ್ಕೆ ಮುಖ ಮಾಡಿಸಿ, ‘ಇದು ಪ್ರಯಾಣಿಕರ ಕಾರು’ ಎಂದಿತು. ಕಸ್ಟಮ್ಸ್‌ನವರು ಒಪ್ಪಿದರು. ಬಂದ ದಾರಿಯನ್ನೇ ನೋಡುತ್ತ, ಹಿಡಿಕೆಗೆ ಜೋತುಬಿದ್ದು ಹೆದ್ದಾರಿಯಲ್ಲಿ ಹೋದವರು ನಿಜವಾದ ಸಾಹಸಿಗರು. ಮುಕ್ತ ವ್ಯಾಪಾರದ ಪ್ರವಚನಕಾರ ರೊನಾಲ್ಡ್ ರೇಗನ್ ಕೂಡ ಕ್ಯಾಲಿಫೋರ್ನಿಯಾದ ತಮ್ಮ ರ‍್ಯಾಂಚಿನಲ್ಲಿ ಒಂದು ಬ್ರ್ಯಾಟ್ ಇಟ್ಟುಕೊಂಡಿದ್ದರು. ಆ ಶೇ. 25 ಮಾತ್ರ ಅವರನ್ನೂ ದಾಟಿ ಬದುಕಿತು.

ಮತ್ತೆ ಮ್ಯಾವರಿಕ್‌ಗೆ ಬಂದರೆ, 2021ರಲ್ಲಿ ಬಂದದ್ದು ಬುದ್ಧಿವಂತ ಗಾಡಿಯೇ. 20,000 ಡಾಲರಿನೊಳಗೆ ಹೈಬ್ರಿಡ್, ಊರೊಳಗೆ ಲೀಟರಿಗೆ ಸುಮಾರು 18 ಕಿಲೋಮೀಟರ್, 680 ಕಿಲೋ ಹೊರುವ ತಾಕತ್ತು. ಕೊಳ್ಳುವವರು ಸಾಲು ನಿಂತರು, ಬೆಲೆ ಸಾಲಿಗಿಂತ ಬೇಗ ಬೆಳೆಯಿತು.

ಅಮೆರಿಕದ ಕನ್ನಡಿಗರೂ ಇಂಥ ಪಿಕಪ್ ಕೊಂಡಿದ್ದಾರೆ. ಯೊಸೆಮಿಟಿಯ ಕಾಡಿಗೆ ಹೋಗಲೆಂದು ಕೊಂಡವರನ್ನು ಕನ್ನಡ ಕೂಟದವರು ಗುರುತಿಟ್ಟುಕೊಳ್ಳುತ್ತಾರೆ. ಅಂದಿನಿಂದ ಅವರು ಆಜೀವ ಸ್ವಯಂಸೇವಕರು: ಗಣೇಶನ ಮಂಟಪ, ಸ್ಪೀಕರು, ಮನೆ ಬದಲಿಸುವವರ ಸೋಫಾ. ‘ಸಾರ್, ನಿಮ್ಮದು ಟ್ರಕ್ ಅಲ್ವಾ, ಒಂದೇ ಟ್ರಿಪ್ಪು’ ಎಂದರೆ ಇಲ್ಲವೆನ್ನುವುದು ಹೇಗೆ? ರಾಜ್ಯೋತ್ಸವದ ಬಿಸಿಬೇಳೆಭಾತಿನ ಹಂಡೆ ಬಂದಾಗ ಮಾತ್ರ ಯಜಮಾನರು ಕೈಚೆಲ್ಲುತ್ತಾರೆ. ಎಂಟುನೂರು ಡಾಲರಿನ ಮುಚ್ಚಳ ಬಿಚ್ಚಲು ಸ್ಪ್ಯಾನರ್ ಬೇಕು, ಸ್ಪ್ಯಾನರ್ ಮನೆಯಲ್ಲಿದೆ. ಹಂಡೆ ಮೂರು ಮಕ್ಕಳ ತಾಯಿಯೊಬ್ಬರ ಮಿನಿವ್ಯಾನ್ ಹತ್ತುತ್ತದೆ. ಆಸನ ಮಡಚಿದರೆ 4x8 ಅಡಿಯ ಪ್ಲೈವುಡ್ಡು ಬಾಗಿಲು ಮುಚ್ಚಿಕೊಂಡೇ ಹೋಗುವಂಥ ಮಿನಿವ್ಯಾನ್‌ಗಳಿವೆ. ಅವನ್ನು ಸಾಹಸದ ವಾಹನವೆಂದು ಮಾರುವುದು ಅಪರೂಪ. ಹಂಡೆ ಹತ್ತಿದ ಗಾಡಿಗೆ ಕಿತ್ತಳೆ ಬಣ್ಣವನ್ನಂತೂ ಯಾರೂ ಬಳಿದಿಲ್ಲ.