ಹೀಬ್ರೂ–ಫ್ರೆಂಚ್ ತಾರತಮ್ಯ ವಿಚಾರ: ಪಶ್ಚಿಮ ಬೆಂಗಳೂರಿನ ಕಲಿಕಾರ್ಥಿಗಳ ಹಿತಾರ್ಥವಾಗಿ

ಯಾವುದೇ ಶಾಸ್ತ್ರಗ್ರಂಥವು ಮೊದಲಿಗೇ ಅನುಬಂಧ ಚತುಷ್ಟಯವನ್ನು, ಅಂದರೆ ಓದಲು ಯೋಗ್ಯನಾದ ಅಧಿಕಾರಿ, ಗ್ರಂಥದ ವಿಷಯ, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ ಮತ್ತು ಓದಿನ ಪ್ರಯೋಜನ ಎಂಬ ನಾಲ್ಕನ್ನು ಹೇಳಿಯೇ ಮುಂದುವರಿಯಬೇಕೆಂಬುದು ಪ್ರಾಚೀನರ ಕಟ್ಟಳೆಯಾದ್ದರಿಂದ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ನಿವಾಸಿಗಳಿಗೆ ಹೀಬ್ರೂ ಲೇಸೋ ಫ್ರೆಂಚ್ ಲೇಸೋ ಎಂಬ ಈ ವಿಚಾರವೂ ಅದೇ ದಾರಿಯನ್ನು ಹಿಡಿಯುತ್ತದೆ. ವಿಷಯವು ಶೀರ್ಷಿಕೆಯಲ್ಲಿಯೇ ಇದೆ. ಸಂಬಂಧವೆಂದೊಡನೆ ಜಾತಕ ಕೇಳುವವರೇ ಈ ಬಡಾವಣೆಗಳಲ್ಲಿ ಹೆಚ್ಚಾಗಿರುವುದರಿಂದ ಅದನ್ನು ಇಲ್ಲಿಗೇ ಕೈಬಿಡಲಾಗಿದೆ.

ಉಳಿದ ಎರಡರಲ್ಲಿ ಅಧಿಕಾರಿಯನ್ನು ಪ್ರಯೋಜನದಿಂದ ಬೇರ್ಪಡಿಸುವುದು ಕಷ್ಟ. ಫ್ರೆಂಚ್ ಕಲಿಕೆಯ ಪ್ರಥಮಾಧಿಕಾರಿಯು ಅಂಕಾರ್ಥಿ, ಎಂದರೆ ಪಿಯುಸಿಯಲ್ಲಿ ಕನ್ನಡವನ್ನು ಬಿಟ್ಟು ಫ್ರೆಂಚನ್ನು ‘ಸ್ಕೋರಿಂಗ್ ಸಬ್ಜೆಕ್ಟ್’ ಎಂಬ ಏಕೈಕ ಕಾರಣಕ್ಕೆ ಆರಿಸಿಕೊಳ್ಳುವವನು. ಈತನಿಗೆ ಫ್ರಾನ್ಸಿನ ಮೇಲೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಎಂಜಿನಿಯರಿಂಗ್ ಸೀಟಿನ ಸಿಇಟಿ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನಷ್ಟೇ ಪರಿಗಣಿಸುವಾಗ ಭಾಷೆಯ ಅಂಕ ಎಲ್ಲಿ ಬಳಕೆಯಾಗುತ್ತದೆಂದು ಪೂರ್ವಪಕ್ಷಿಯು, ಎಂದರೆ ಎದುರುವಾದ ಹೂಡುವವನು, ಕೇಳಬಹುದು. ಫಲಿತಾಂಶದ ದಿನ ಊರಿನಿಂದ ಫೋನ್ ಮಾಡಿ ‘600ಕ್ಕೆ ಎಷ್ಟು ಬಂತೋ?’ ಎನ್ನುವ ಸೋದರಮಾವನಿಗೆ ಉತ್ತರ ಕೊಡುವಲ್ಲಿ ಅದು ಬಳಕೆಯಾಗುತ್ತದೆಂಬುದೇ ಸಮಾಧಾನ. ಆಮೇಲೆ ಆ ವಿದ್ಯೆ ನಿಲ್ಲುವುದಿಲ್ಲ. ಪರೀಕ್ಷಾ ಕೊಠಡಿಯಿಂದ ಹೊರಬಿದ್ದು ನವರಂಗ್ ಬಳಿ ಚುರುಮುರಿ ತಿಂದು ಮುಗಿಸುವಷ್ಟರಲ್ಲಿ ಕ್ರಿಯಾಪದಗಳೆಲ್ಲ ಉದುರಿಹೋಗುವುದನ್ನು ಲೋಪಸಂಧಿಯ ಹೊಸ ಪ್ರಭೇದವೆಂದು ವೈಯಾಕರಣರು ಅಂಗೀಕರಿಸತಕ್ಕದ್ದು.

ದ್ವಿತೀಯಾಧಿಕಾರಿಯು ವಲಸಾರ್ಥಿ. ಕಾಯಂ ವಾಸಕ್ಕೆ ಅರ್ಜಿ ಹಾಕಿದವರಲ್ಲಿ ಫ್ರೆಂಚ್ ಬಲ್ಲವರನ್ನೇ ಬೇರೆಯಾಗಿ ಆರಿಸುವ ಸುತ್ತುಗಳನ್ನು ಕೆನಡಾ 2023ರಿಂದ ನಡೆಸುತ್ತಿರುವ ಕಾರಣ, ಶಾಲೆಯಲ್ಲಿ ಸಂಸ್ಕೃತ ತೆಗೆದುಕೊಂಡು ರಾಮಃ ರಾಮೌ ರಾಮಾಃ ಉರುಹೊಡೆದಿದ್ದ ಬಸವೇಶ್ವರನಗರದ ಸಾಫ್ಟ್‌ವೇರ್ ಗೃಹಸ್ಥನು ಮಧ್ಯವಯಸ್ಸಿನಲ್ಲಿ ಮತ್ತೊಮ್ಮೆ ಉರುಹೊಡೆಯಲು ಕೂರುತ್ತಾನೆ. ಅಂಕಾರ್ಥಿಗಿಂತ ಇವನು ಶ್ರದ್ಧಾವಂತ, ಏಕೆಂದರೆ ಶುಲ್ಕ ಕಟ್ಟಿದವನು ಇವನೇ.

ಹೀಬ್ರೂವಿನ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಪಿಯು ಭಾಷಾಪಟ್ಟಿಯಲ್ಲಿ ಅದಿಲ್ಲ. ಪಟ್ಟಿಯಲ್ಲಿ ಇಲ್ಲದ್ದರಿಂದ ಅಂಕವಿಲ್ಲ, ಅಂಕವಿಲ್ಲದ್ದರಿಂದ ಟ್ಯೂಷನ್ ಇಲ್ಲ, ಟ್ಯೂಷನ್ ಇಲ್ಲದ್ದನ್ನು ಈ ಪ್ರಾಂತ್ಯವು ವಿದ್ಯೆಯೆಂದು ಒಪ್ಪುವುದಿಲ್ಲ. ಹಳೆಯ ಒಡಂಬಡಿಕೆಯನ್ನು ಮೂಲದಲ್ಲಿ ಓದಬೇಕಾದ ದೇವತಾಶಾಸ್ತ್ರದ ವಿದ್ಯಾರ್ಥಿಗಳು 1910ರಲ್ಲಿ ಆರಂಭವಾದ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಅದನ್ನು ಕಲಿಯುತ್ತಾರೆ. ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಹೋಗುವ ಮಂಗಳೂರು ಕಡೆಯವರು ಯಾವ ಪಠ್ಯಪುಸ್ತಕದ ಹಂಗೂ ಇಲ್ಲದೆ ಹಾಸಿಗೆಯ ಪಕ್ಕದಲ್ಲಿಯೇ ಕಲಿತು ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಾರೆ.

ಇನ್ನು ಲಿಪಿವಿಚಾರ. ಕಾಗುಣಿತ ತಿದ್ದಿ ಬೆಳೆದ ಕನ್ನಡಿಗನು ಬರೆದದ್ದನ್ನೆಲ್ಲ ಓದುತ್ತಾನೆ, ಓದುವುದನ್ನೆಲ್ಲ ಬರೆಯುತ್ತಾನೆ. ಹೀಬ್ರೂವಿನ 22 ಅಕ್ಷರಗಳೂ ವ್ಯಂಜನಗಳೇ. ಸ್ವರವನ್ನು ತೋರಿಸಲು ‘ನಿಕ್ಕೂದ್’ ಎಂಬ ಚುಕ್ಕೆ–ಗೆರೆಗಳಿದ್ದರೂ ಮಕ್ಕಳ ಪುಸ್ತಕ, ಧರ್ಮಗ್ರಂಥ ಮತ್ತು ಕವಿತೆಗಳನ್ನು ಬಿಟ್ಟರೆ ಅವನ್ನು ಸಾಮಾನ್ಯವಾಗಿ ಹಾಕುವುದಿಲ್ಲವಾದ್ದರಿಂದ, ಪತ್ರಿಕೆ ಓದಬೇಕಾದವನು ಇಳಿ, ಕೊಂಬು, ಏತ್ವಗಳನ್ನು ತಾನೇ ಊಹಿಸಿಕೊಂಡು, ಅದೂ ಬಲದಿಂದ ಎಡಕ್ಕೆ, ಸಾಗಬೇಕು. ಫ್ರೆಂಚಿನದು ಇದರ ತದ್ವಿರುದ್ಧ ಚಾಳಿ: ಇಲ್ಲಿ ಬರೆದದ್ದರಲ್ಲಿ ಬಹುಭಾಗ ಉಚ್ಚಾರವಾಗುವುದೇ ಇಲ್ಲ. ಮೈಸೂರು ರಸ್ತೆಯಲ್ಲಿ ದಿನವೂ ಓಡಾಡುವ ರೆನಾಲ್ಟ್ ಕಾರು ಸ್ವದೇಶದಲ್ಲಿ ಬರೀ ‘ರೆನೋ’. ಕೊನೆಯ ಎರಡು ಅಕ್ಷರಗಳು ಕಾರಿನ ಹಿಂಭಾಗದ ಅಲಂಕಾರಕ್ಕಾಗಿಯೇ ಇವೆ. ಸಂಖ್ಯೆಗಳಲ್ಲಿಯೂ ಸರಳತೆ ಕಾಣದು. ತೊಂಬತ್ತೊಂಬತ್ತನ್ನು ಫ್ರಾನ್ಸಿನವರು ‘ನಾಲ್ಕು–ಇಪ್ಪತ್ತು–ಹತ್ತು–ಒಂಬತ್ತು’ ಎಂದು ಕಟ್ಟುವುದರಿಂದ, ಫ್ರೆಂಚಿನಲ್ಲಿ 99 ಪಡೆದ ಅಂಕಾರ್ಥಿಯು ತನ್ನ ಅಂಕವನ್ನು ಅದೇ ಭಾಷೆಯಲ್ಲಿ ಹೇಳಲು ಗಣಿತದ ಸಹಾಯವನ್ನು ಪಡೆಯಬೇಕಾಗುತ್ತದೆ.

ವ್ಯಾಕರಣದಲ್ಲಿ ಮಾತ್ರ ಹೀಬ್ರೂ ಕನ್ನಡಿಗನಿಗೆ ಅನಿರೀಕ್ಷಿತವಾಗಿ ಹತ್ತಿರ. ‘ಇವನು ವೈದ್ಯ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡವಾದಂತೆ ವರ್ತಮಾನದಲ್ಲಿ ಹೀಬ್ರೂವಿಗೂ ಬೇಡ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬ ರಚನೆಯೂ ಅಲ್ಲಿ ಹಾಗೆಯೇ ‘ನನಗೆ ಇದೆ’ ಎಂಬ ಜಾಡಿನಲ್ಲಿ ನಡೆಯುತ್ತದೆ. ಆದರೆ ಮರ್ಯಾದೆಯ ಪ್ರಕರಣದಲ್ಲಿ ಅದು ಅಪಾಯಕಾರಿ. ಫ್ರೆಂಚಿನಲ್ಲಿ ನೀನು–ನೀವುಗಳ ಭೇದ ಉಂಟು. ಹೀಬ್ರೂವಿನಲ್ಲಿ ಹೆಣ್ಣಿಗೊಂದು ಗಂಡಿಗೊಂದು ‘ನೀನು’ ಇದ್ದರೂ ಹಿರಿಯರಿಗೆಂದು ಬೇರೆ ‘ನೀವು’ ಇಲ್ಲದಿರುವುದರಿಂದ, ಅದನ್ನು ರೂಢಿಸಿಕೊಂಡು ಬಂದ ತರುಣನು ರಾಜಾಜಿನಗರದ ರಾಮಮಂದಿರದ ಎದುರು ದೊಡ್ಡಪ್ಪನನ್ನು ಅದೇ ಜಾಡಿನಲ್ಲಿ ಮಾತಾಡಿಸಿದರೆ ಆಗುವ ಪರಿಣಾಮಕ್ಕೆ ಈ ಪ್ರಬಂಧವು ಹೊಣೆಯಲ್ಲ.

ಭಾಷೆಯನ್ನು ಮನೆಯಲ್ಲಿಯೇ ಊರಿಸುವ ಕ್ರಮಕ್ಕೂ ಹೀಬ್ರೂವೇ ಆದರ್ಶ. 1882ರಲ್ಲಿ ಹುಟ್ಟಿದ ಮಗನ ಕಿವಿಗೆ ಹೀಬ್ರೂ ಹೊರತು ಬೇರೆ ಮಾತು ಬೀಳದಂತೆ, ಆ ಭಾಷೆಯನ್ನು ಮತ್ತೆ ಆಡುಮಾತಾಗಿಸಲು ಹೊರಟ ಎಲಿಯೇಜರ್ ಬೆನ್ ಯೆಹೂದಾ ಕಾವಲು ಕಾದದ್ದು ಪ್ರಸಿದ್ಧ. ಮಗುವಿನ ಕಿವಿಗೆ ಇಂಗ್ಲಿಷ್ ಹೊರತು ಕನ್ನಡ ಬೀಳದಂತೆ ಕಾಯುವ ವಿಜಯನಗರದ ದಂಪತಿಗಳು ಇದೇ ವಿಧಾನವನ್ನು ಅನುಸರಿಸುತ್ತಿದ್ದು, ಊರಿನಿಂದ ಅಜ್ಜಿ ಬಂದಾಗಲಷ್ಟೇ ಪ್ರಯೋಗವು ಕೆಡುತ್ತದೆ.

ಕೊನೆಯದು ದೇಶನಿರ್ಣಯ, ಎಂದರೆ ಎಲ್ಲಿ ಕಲಿಯಬೇಕೆಂಬುದು. ಫ್ರೆಂಚ್ ಕಲಿಸುವ ಅಲಯಾನ್ಸ್ ಫ್ರಾಂಸೇಸ್ ಇರುವುದು ವಸಂತನಗರದಲ್ಲಿ, ಹೀಬ್ರೂವಿನ ಕಾಲೇಜು ಅಲ್ಲಿಂದ ದೂರವಿಲ್ಲದ ಮಿಲ್ಲರ್ಸ್ ರಸ್ತೆಯಲ್ಲಿ; ಎರಡಕ್ಕೂ ಮೆಜೆಸ್ಟಿಕ್ ದಾಟಲೇಬೇಕು. 2021ರಲ್ಲಿ ಮೆಟ್ರೋ ಪಡೆದ ಕೆಂಗೇರಿಯವನು ಕೂತ ಸೀಟಿನಿಂದ ಏಳದೆ ದಾಟುತ್ತಾನೆ, ರಾಜಾಜಿನಗರದವನು ರೈಲು ಬದಲಿಸುತ್ತಾನೆ, ಬಸವೇಶ್ವರನಗರದವನು ಮೊದಲು ನಿಲ್ದಾಣ ತಲುಪಲು ಆಟೊದವನೊಡನೆ ವಾದಿಸಿ ತರ್ಕಶಾಸ್ತ್ರವನ್ನು ಹೆಚ್ಚುವರಿಯಾಗಿ ಕಲಿಯುತ್ತಾನೆ. ಮೆಜೆಸ್ಟಿಕ್ ದಾಟಲೊಲ್ಲದವರಿಗೆ ಉಳಿಯುವುದು ಶಿಲಾಪ್ರಮಾಣವೊಂದೇ. ಹೀಬ್ರೂ ಬೇಕೆಂದರೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಯೆಹೂದ್ಯರಿಗೆ ದೊರೆತ ರುದ್ರಭೂಮಿಯು ಮೈಸೂರು ರಸ್ತೆಯ ಬದಿಯಲ್ಲಿಯೇ ಇದ್ದು ಅಲ್ಲಿನ ಸಮಾಧಿಗಳ ಮೇಲೆ ಆ ಲಿಪಿಯನ್ನು ಕಾಣಬಹುದು. ಫ್ರೆಂಚ್ ಬೇಕೆಂದರೆ ಅದೇ ರಸ್ತೆಯಲ್ಲಿ ಕೆಂಗೇರಿ ದಾಟಿ ಮುಂದೆ ಸಾಗಿ, ಶ್ರೀರಂಗಪಟ್ಟಣದ ಬಳಿ ಬಲಕ್ಕೆ ತಿರುಗಿ, ಹೈದರ್–ಟಿಪ್ಪು ಕಾಲದ ಫ್ರೆಂಚ್ ದಂಡು ಬೀಡುಬಿಟ್ಟದ್ದರಿಂದ ಒಂದು ಕಾಲಕ್ಕೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಪಾಂಡವಪುರವನ್ನು ಸೇರಬಹುದು. ಬಂಡೆಗಳು ಅಲ್ಲಿಯೇ ಇವೆ, ಕಬ್ಬು ಬೇಕಾದಷ್ಟು ಬೆಳೆಯುತ್ತದೆ, ಫ್ರೆಂಚ್ ಮಾತ್ರ ಬೇಕಾದರೆ ಮಂಡ್ಯದ ಬಸ್ಸು ಹಿಡಿದು ವಾಪಸು ಮೆಜೆಸ್ಟಿಕ್ಕಿಗೇ ಬರಬೇಕು.