ಬಿಸಿ ಕಟ್ಟೆಯ ಮೇಲೆ ಸುಲ್ತಾನ

ಇಸ್ತಾನ್‌ಬುಲ್‌ಗೆ ಹೋದವರು ಮಸೀದಿ, ಅರಮನೆ ನೋಡಿ ಕಾಲು ಸೋತ ಮೇಲೆ ಹಮಾಮಿಗೆ, ಅಂದರೆ ತುರ್ಕಿ ಸ್ನಾನಗೃಹಕ್ಕೆ, ಹೋಗಬೇಕು. ಚೆಂಬರ್ಲಿತಾಶ್ ಹಮಾಮು 1584ರದ್ದು. ಕಟ್ಟಿಸಿದವಳು ರಾಜಮಾತೆ ನೂರ್‌ಬಾನು, ನಕ್ಷೆ ಮಹಾಶಿಲ್ಪಿ ಸಿನಾನನದು ಎನ್ನುತ್ತಾರೆ. ಅಂಥ ಘನ ಕಟ್ಟಡದೊಳಕ್ಕೆ ನಮ್ಮ ಪ್ರವೇಶ ಸೊಂಟಕ್ಕೊಂದು ಪೆಶ್ತೆಮಾಲ್ ಎಂಬ ವಸ್ತ್ರ ಸುತ್ತಿಕೊಂಡು. ಪಂಚೆ ಉಟ್ಟು ಪಳಗಿದವರಿಗೆ ಕೊಂಚ ಅನುಕೂಲ. ಮಿಕ್ಕವರು ಒಂದು ಕೈಯಲ್ಲಿ ಮಾನ ಹಿಡಿದುಕೊಂಡೇ ನಡೆಯುತ್ತಾರೆ.

ಗುಮ್ಮಟದ ಕೆಳಗೆ ಅಮೃತಶಿಲೆಯ ಬಿಸಿ ಕಟ್ಟೆ. ಅದರ ಮೇಲೆ ಬೆವರುತ್ತ ಮಲಗಿ, ಮೇಲಿನ ಕಿಂಡಿಗಳಿಂದ ಇಳಿವ ಬೆಳಕು ನೋಡುತ್ತ 'ಆಹಾ' ಎನ್ನುವಷ್ಟರಲ್ಲಿ ಮೈ ಉಜ್ಜುವ ತೆಲ್ಲಾಕ್ ಬಂದ. ಪೈಲ್ವಾನನ ಮೈಕಟ್ಟು, ಕೈಗೆ ಒರಟು ಕೆಸೆ ಚೀಲ. ಉಜ್ಜಿದಂತೆಲ್ಲ ಮೈಯಿಂದ ಬೂದುಬಣ್ಣದ ಶ್ಯಾವಿಗೆ! ಅದನ್ನು ಎತ್ತಿ ತೋರಿಸುತ್ತಾನೆ ಬೇರೆ. ನಾನು ದಿನಾ ಸ್ನಾನ ಮಾಡುವವನಪ್ಪಾ ಎನ್ನೋಣವೆಂದರೆ ಭಾಷೆ ಬಾರದು. ಸಾಕ್ಷಿಯೂ ನನ್ನ ಪರವಾಗಿರಲಿಲ್ಲ. ಆಮೇಲೆ ಬಟ್ಟೆಯ ಚೀಲಕ್ಕೆ ಗಾಳಿ ತುಂಬಿ ಹಿಂಡಿದ ನೊರೆಯ ರಾಶಿ. ಅದರಡಿ ಮಾಲೀಸು: ಅವನು ಒತ್ತಿದಲ್ಲೆಲ್ಲ ನನಗೊಂದು ಹೊಸ ಮೂಳೆ ಪರಿಚಯವಾಯಿತು.

ಕೊನೆಗೆ ಬಟ್ಟಲಿನಿಂದ ನೀರಿನ ಅಭಿಷೇಕ, ತಲೆಗೆ ಟವೆಲ್ಲಿನ ಮುಂಡಾಸು, ಕೈಗೆ ಚಹಾ. ಆ ವೇಷದಲ್ಲಿ ಕೂತರೆ ಯಾರಿಗಾದರೂ ಜಹಗೀರು ಬರೆದುಕೊಡೋಣ ಅನ್ನಿಸುತ್ತದೆ. ಅಷ್ಟರಲ್ಲಿ ತೆಲ್ಲಾಕ್ ನಗುತ್ತ ಎದುರು ನಿಂತ. ಜಹಗೀರು ಬೇಡವಂತೆ, ಟಿಪ್ಸು ಲಿರಾದಲ್ಲಿ ಕೊಟ್ಟರೆ ಸಾಕಂತೆ.