ಗೀಸರ್-ಬಿಂದು ಮೀಮಾಂಸೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಬಚ್ಚಲುಮನೆಯ ಗೀಸರಿನ ಅಡಿಭಾಗಕ್ಕೆ, ಅದರಲ್ಲೂ ತಣ್ಣೀರಿನ ಪೈಪು ಒಳಹೋಗುವಲ್ಲಿ ಕೂರಿಸಿರುವ ಹಿತ್ತಾಳೆಯ ಸಣ್ಣ ಸೇಫ್ಟಿ ವಾಲ್ವಿಗೆ ಸೀಮಿತ. ಅಧ್ಯಯನಕಾರನ ಎತ್ತರವೇ ಅಧ್ಯಯನದ ಇನ್ನೊಂದು ಮಿತಿ; ಸ್ಟೂಲು ಸಿಕ್ಕಲ್ಲಿ ಈ ಮಿತಿಯನ್ನು ಒಂದೂವರೆ ಅಡಿ ವಿಸ್ತರಿಸಬಹುದು.

ಮೊದಲು ಪ್ರಾಚೀನತೆಯ ಪ್ರಶ್ನೆ. ಹಲ್ಮಿಡಿ ಶಾಸನದಲ್ಲಿ ವಾಲ್ವಿನ ಪ್ರಸ್ತಾಪವಿಲ್ಲ ಎಂಬುದನ್ನು ವಿಷಾದದಿಂದ ದಾಖಲಿಸಬೇಕಾಗಿದೆ. ಕಾರಣ ಇಷ್ಟೇ: ನಮ್ಮ ಹಿರಿಯರು ಹಂಡೆಯಲ್ಲಿ ನೀರು ಕಾಯಿಸಿದರು, ಹಂಡೆಗೆ ಬಾಯಿ ಇತ್ತು. ಉಗಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ನೀರು ತುಂಬುವ ಹಬ್ಬದ ದಿನ ಹಂಡೆಗೆ ಬಳ್ಳಿ ಸುತ್ತಿ ಪೂಜೆ ಮಾಡಿದರೆ ವರ್ಷದ ಮೆಯಿಂಟೆನೆನ್ಸ್ ಮುಗಿಯಿತು. ವಾಲ್ವ್ ಕಂಡುಹಿಡಿಯುವ ದರ್ದು ಬಿದ್ದದ್ದು ಪಾತ್ರೆಯ ಬಾಯಿ ಬಿಗಿದವನಿಗೆ. ಅವನು ಫ್ರಾನ್ಸಿನ ಡೆನಿಸ್ ಪಾಪಿನ್. ಮೂಳೆ ಬೇಯಿಸಲೆಂದು ಮುಚ್ಚಿದ ಪಾತ್ರೆಯೊಂದನ್ನು 1679ರಲ್ಲಿ ಲಂಡನ್ನಿನ ವಿದ್ವಾಂಸರೆದುರು ಇಟ್ಟ. ಅದು ಸಿಡಿಯದಿರಲೆಂದು ಸನ್ನೆಗೆ ತೂಕ ತೂಗುಹಾಕಿದ ವಾಲ್ವನ್ನೂ ಕೂರಿಸಿದ. 1682ರಲ್ಲಿ ರಾಯಲ್ ಸೊಸೈಟಿಯ ಸದಸ್ಯರು ಅದರಲ್ಲಿ ಬೇಯಿಸಿದ್ದನ್ನೇ ಊಟ ಮಾಡಿದರು, ಜಾನ್ ಎವೆಲಿನ್ ಅದನ್ನು ದಿನಚರಿಯಲ್ಲಿ ಬರೆದಿಟ್ಟ. ನಮ್ಮ ಕುಕ್ಕರಿನ ವೆಯ್ಟು ಆ ವಂಶದ ಹಿರಿಯ ಶಾಖೆ, ಗೀಸರಿನ ವಾಲ್ವು ಕಿರಿಯದು. ಹಿರಿಯದು ಕೂಗುತ್ತದೆ, ಕಿರಿಯದು ತೊಟ್ಟಿಕ್ಕುತ್ತದೆ. ಕೂಗಿದ್ದನ್ನು ಬೆರಳೆಣಿಸಿ ಗೌರವಿಸುವ ಮನೆಯವರೇ ತೊಟ್ಟಿಕ್ಕಿದ್ದನ್ನು ರಿಪೇರಿ ಲೆಕ್ಕಕ್ಕೆ ಹಾಕುತ್ತಾರೆ. ಸಮಾಜಶಾಸ್ತ್ರದ ವಿಭಾಗಗಳು ಇದರತ್ತ ಏಕೆ ಕಣ್ಣು ಹಾಯಿಸಿಲ್ಲವೋ.

ಇನ್ನು ಪೂರ್ವಪಕ್ಷ. ‘ಸೋರುತ್ತಿದೆ, ಆದ್ದರಿಂದ ಕೆಟ್ಟಿದೆ’ ಎಂಬುದನ್ನು ಮೂರು ಪಂಥಗಳು ಮೂರು ಬಗೆಯಾಗಿ ನಿಭಾಯಿಸುತ್ತವೆ. ಮಾಯಾವಾದಿಗಳ ಪ್ರಕಾರ ಬಿಂದುವೇ ಮಿಥ್ಯೆ: ‘ಅದು ಮೊದಲಿಂದಲೂ ಹಂಗೇನೇ.’ ಇವರು ಬಹುಪಾಲು ಮನೆಯ ಓನರುಗಳು. ಬಕೆಟ್‌ವಾದಿಗಳು ಬಿಂದುವನ್ನು ಒಪ್ಪಿ, ಕೆಳಗೊಂದು ಮಗ್ಗಿಟ್ಟು, ತುಂಬಿದಾಗ ತುಳಸಿ ಗಿಡಕ್ಕೆ ಹಾಕುತ್ತಾರೆ. ಇವರಿಂದ ಲೋಕಕ್ಕೆ ಬಾಧೆಯಿಲ್ಲ. ಮೂರನೆಯವರು ಬಂಧನವಾದಿಗಳು. ಇವರ ಸಾಧನ ಸಂಪತ್ತು ಅಪಾರ: ಹಳೇ ಬನಿಯನ್ನಿನ ಚೂರು, ಸೈಕಲ್ ಟ್ಯೂಬು, ಕಡ್ಡಿಪೆಟ್ಟಿಗೆಯ ಕಡ್ಡಿ, ಎಂ-ಸೀಲ್. ನಾನು ನೋಡಿದ ಒಂದು ವಾಲ್ವಿನ ಬಾಯಲ್ಲಿ ಎಂ-ಸೀಲ್ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಒತ್ತಿದವರ ಹೆಬ್ಬೆಟ್ಟಿನ ಗುರುತು ರೇಖೆಸಮೇತ ಮೂಡಿತ್ತು. ತಪ್ಪೊಪ್ಪಿಗೆ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ರುಜು ಬೇಕಿಲ್ಲ.

ಸಿದ್ಧಾಂತಪಕ್ಷ ಹೇಳುವುದೇ ಬೇರೆ. 25 ಲೀಟರಿನ ಗೀಸರಿನಲ್ಲಿ ನೀರು 25 ಡಿಗ್ರಿಯಿಂದ 70 ಡಿಗ್ರಿಗೆ ಕಾದರೆ ಹತ್ತಿರ ಹತ್ತಿರ ಅರ್ಧ ಲೀಟರಿನಷ್ಟು ಹಿಗ್ಗುತ್ತದೆ. ಬಿಸಿನೀರಿನ ನಲ್ಲಿ ಮುಚ್ಚಿದೆ. ಬಂದ ದಾರಿಯಲ್ಲೇ ಓವರ್‌ಹೆಡ್ ಟ್ಯಾಂಕಿಗೆ ವಾಪಸಾಗೋಣವೆಂದರೆ ಅದೇ ವಾಲ್ವಿನೊಳಗಿನ ನಾನ್-ರಿಟರ್ನ್ ಬಾಗಿಲು ಬಿಡದು. ಒತ್ತಡ ಮಿತಿ ಮುಟ್ಟಿದಾಗ, ಸಾಮಾನ್ಯವಾಗಿ 8 ಬಾರ್, ಒಳಗಿನ ಸ್ಪ್ರಿಂಗು ಹಿಂದಕ್ಕೆ ಸರಿದು ಬಿಂದುವಿಗೆ ಮುಕ್ತಿ ಕೊಡುತ್ತದೆ. ಆದ್ದರಿಂದ ಕಾಯುವಾಗ ತೊಟ್ಟಿಕ್ಕುವುದು ಆರೋಗ್ಯದ ಲಕ್ಷಣ. ಬಾಯಿ ಬಿಗಿದ ದಿನವೇ ಥರ್ಮೋಸ್ಟಾಟ್ ಅಂಟಿಕೊಂಡು, ಕಟ್‌ಔಟ್ ಕೂಡ ಕೈಕೊಟ್ಟರೆ? 8 ಬಾರ್ ಒತ್ತಡದಲ್ಲಿ ನೀರು ಕುದಿಯುವುದು 175 ಡಿಗ್ರಿಯ ಸುಮಾರಿಗೆ. ಅಷ್ಟು ಕಾದ ನೀರು ಟ್ಯಾಂಕು ಒಡೆದು ಹೊರಬಿದ್ದರೆ ಅದರಲ್ಲೊಂದು ಪಾಲು ಆ ಕ್ಷಣವೇ ಉಗಿ; ಒಂದು ಲೀಟರ್ ನೀರು ಉಗಿಯಾದರೆ ಸಾವಿರದಾರುನೂರು ಲೀಟರಿನ ಮೇಲೆ. ಬಚ್ಚಲುಮನೆಯ ಬಾಗಿಲು, ಗೋಡೆ ಇವುಗಳಿಗೆ ಇಂಥ ಪೂರ್ವಪಕ್ಷದೊಡನೆ ವಾದ ಮಾಡಿ ಅಭ್ಯಾಸವಿಲ್ಲ.

ಸ್ವಿಚ್ ಆರಿಸಿ, ನೀರು ಪೂರ್ತಿ ತಣ್ಣಗಾದ ಮೇಲೂ ಸೋರುತ್ತಿದ್ದರೆ ಅದು ಬೇರೆ ಪ್ರಕರಣ. ಬೆಂಗಳೂರಿನ ಬೋರ್ ನೀರು, ಬೇಸಿಗೆಯ ಟ್ಯಾಂಕರ್ ನೀರು ಕುಡಿದ ವಾಲ್ವಿನ ಸೀಟಿನ ಮೇಲೆ ಸುಣ್ಣದ ಬಿಳಿ ಹಕ್ಕಳೆ ಕಟ್ಟುತ್ತದೆ, ಮುಚ್ಚಳ ಪೂರ್ತಿ ಕೂರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂದು ಗೆರೆ ಎಳೆದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಹೊಂದಿಕೊಳ್ಳಿ ಎನ್ನುತ್ತದೆ. ಹೊಂದಿಕೊಳ್ಳುವ ಕೆಲಸ ವಾಲ್ವಿನ ಪಾಲಿಗೆ ಬಂದಿದೆ.

ಚಿಕಿತ್ಸೆಗೆ ಅಧಿಕಾರಿ ಯಾರು? ಇಲ್ಲಿ ಶಾಸ್ತ್ರಕಾರರಲ್ಲಿ ಒಮ್ಮತವಿಲ್ಲ. ‘ಸಾರ್, ಗೀಸರ್ ಅಂದ್ರೆ ಕರೆಂಟ್ ಐಟಂ, ಎಲೆಕ್ಟ್ರಿಷಿಯನ್ ಕರೀರಿ’ ಎಂದು ಪ್ಲಂಬರ್. ‘ನೀರು ಸೋರ್ತಿದೆ ಅಂದ್ರೆ ಪ್ಲಂಬಿಂಗೇ ಅಲ್ವಾ ಸಾರ್?’ ಎಂದು ಎಲೆಕ್ಟ್ರಿಷಿಯನ್. ಇಬ್ಬರೂ ಒಂದೇ ಸ್ಟೂಲು ಹತ್ತಿ, ಒಂದೇ ಟಾರ್ಚು ಬಿಟ್ಟು ನೋಡಿ, ವಿಸಿಟಿಂಗ್ ಚಾರ್ಜ್ ಪಡೆಯುವುದರಲ್ಲಿ ಮಾತ್ರ ಅದ್ವೈತ ಸಾಧಿಸುತ್ತಾರೆ.

ಪ್ರಯೋಗ ವಿಧಿ ಚಿಕ್ಕದು. ಎಂಸಿಬಿ ಇಳಿಸಿ. ನೀರು ತಣಿಯಲಿ, ಈ ‘ತಣಿಯಲಿ’ಯನ್ನು ಯಾರೂ ಪಾಲಿಸುವುದಿಲ್ಲ, ಮೊಣಕೈ ಸುಟ್ಟುಕೊಳ್ಳುತ್ತಾರೆ. ಒಳಬರುವ ನೀರನ್ನು ಬಂದ್ ಮಾಡದೆಯೇ ವಾಲ್ವಿನ ಪುಟ್ಟ ಹಿಡಿ ಎತ್ತಿ. ಬಿಳಿ ಕೆಸರು, ಮರಳು ಹೊರಬರುತ್ತದೆ. ನಾಲ್ಕಾರು ಸಲ ಎತ್ತಿ ಬಿಟ್ಟ ಮೇಲೆ ಸೋರಿಕೆ ನಿಂತರೆ ಕಥೆ ಮುಗಿಯಿತು. ನಿಲ್ಲದಿದ್ದರೆ, ಅಥವಾ ಹಿಡಿ ಅಲುಗಾಡದಿದ್ದರೆ, ವಾಲ್ವನ್ನೇ ಬದಲಿಸಬೇಕು. ಈಗ ನೀರು ಬಂದ್ ಮಾಡಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಹಳೆಯದನ್ನು ಬಿಚ್ಚಿ. ಹೊಸದರ ಮೈಮೇಲೆ ಬರೆದ ಒತ್ತಡದ ಅಂಕಿ ಗೀಸರಿನ ಮೇಲಿನದಕ್ಕಿಂತ ಹೆಚ್ಚಿರಕೂಡದು. ಬಾಣದ ಗುರುತು ಗೀಸರಿನ ಕಡೆಗಿರಬೇಕು. ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿಗೇ ಸುತ್ತಬೇಕು. ಸೋರುವ ಬಾಯಿಗೆ ಸಣ್ಣ ಪೈಪು ಸಿಕ್ಕಿಸಿ ನೆಲದ ಜಾಲರಿಯತ್ತ ಬಿಡಿ. ಆ ಪೈಪಿನ ತುದಿಗೆ ನಲ್ಲಿ ಕೂರಿಸುವ ಯೋಚನೆ ಬಂದರೆ, ಅದು ಬಂಧನವಾದದ ಪುನರ್ಜನ್ಮ.

ಉಳಿಯುವುದು ಖರ್ಚಿನ ಮೀಮಾಂಸೆ. ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಪೇಂಟಿಂಗಿನ ದುಡ್ಡನ್ನು ಯಾರು ಕೊಡಬೇಕೆಂದು ದಪ್ಪಕ್ಷರದಲ್ಲಿ ಇರುತ್ತದೆ, ವಾಲ್ವಿನ ಬಗ್ಗೆ ಕರಾರು ಮೌನಿ. ಈ ಕುರಿತ ಪ್ರಾಮಾಣಿಕ ಪಾಠ ಸಿಗುವವರೆಗೆ, ಬಿಚ್ಚಿದ ಹಳೇ ವಾಲ್ವನ್ನು ಅಂಗಡಿಯ ಬಿಲ್ಲಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಓನರ್ ಅಂಕಲ್ ಬಾಡಿಗೆ ಕೇಳಲು ಬರುವ ತಾರೀಖಿಗೆ ಕೈಗೆ ಸಿಗುವಂತೆ ಶೂ ರ‍್ಯಾಕಿನ ಮೇಲೆ ಇಟ್ಟಿರುವುದು ಸೂಕ್ತ.